ಮಾತನಾಡದ ಮನುಷ್ಯನನ್ನು ಬರೆದವರು: ಶ್ರೀ ಆರ್. ಕೆ. ಲಕ್ಷ್ಮಣರ ಜೀವನವೂ ಕಲೆಯೂ

ಮೈಸೂರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬಾಳಿ, ಪುಣೆಯಲ್ಲಿ ದೇಹವನ್ನು ಬಿಟ್ಟ ಮಹನೀಯರೊಬ್ಬರು ಅರ್ಧ ಶತಮಾನದ ಕಾಲ ಈ ದೇಶದ ಲಕ್ಷಾಂತರ ಗೃಹಸ್ಥರ ತುಟಿಯಂಚಿನಲ್ಲಿ ಬೆಳಗಿನ ವೇಳೆ ಒಂದು ಸಣ್ಣ ನಗೆಯನ್ನು ಮೂಡಿಸುತ್ತಿದ್ದರು. ಇದಕ್ಕಾಗಿ ಅವರು ಉಪಯೋಗಿಸಿದ ಸಾಮಗ್ರಿಯಾದರೂ ಎಷ್ಟು? ಒಂದು ಹಾಳೆ, ಒಂದು ಕುಂಚ, ಒಂದಿಷ್ಟು ಕಪ್ಪು ಮಸಿ. ಹಾಸ್ಯರಸದ ಬಣ್ಣ ಬಿಳುಪೆಂದು ಭರತಮುನಿಗಳು ನಾಟ್ಯಶಾಸ್ತ್ರದಲ್ಲಿ ಹೇಳಿದ್ದಾರೆ. ಆ ಬಿಳುಪನ್ನು ಕಪ್ಪು ಮಸಿಯಿಂದ ತೆಗೆದು ತೋರಿಸಿದವರು ಶ್ರೀ ರಾಶಿಪುರಂ ಕೃಷ್ಣಸ್ವಾಮಿ ಲಕ್ಷ್ಮಣರು.

ಈ ಚಿತ್ರಕಾರರಿಗೂ ನಮ್ಮ ಚಿತ್ರದುರ್ಗದ ಸೀಮೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಹುಟ್ಟಿನ ಸಂಬಂಧವಿಲ್ಲ, ನೆಂಟಸ್ತಿಕೆಯ ಸಂಬಂಧವೂ ಇಲ್ಲ. ಆದರೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರಿಗೆ ಸಂಸ್ಕೃತವನ್ನು ಪಾಠಹೇಳಿದ ನಾನು, ಲಕ್ಷ್ಮಣರು ಬರೆದ ಆ ಸಾಮಾನ್ಯ ಮನುಷ್ಯನನ್ನು ಈ ಊರುಗಳಲ್ಲಿ ದಿನವೂ ಕಂಡಿದ್ದೇನೆ. ತಾಲ್ಲೂಕು ಕಚೇರಿಯ ಜಗುಲಿಯಲ್ಲಿ ಅರ್ಜಿಯನ್ನು ಕೈಯಲ್ಲಿ ಹಿಡಿದು ನಿಂತವನು ಅವನೇ. ಬರಗಾಲವನ್ನು ಪರಿಶೀಲಿಸಲು ಬಂದ ದೊಡ್ಡವರ ಮೋಟಾರಿನ ಧೂಳನ್ನು ಒರೆಸಿಕೊಳ್ಳುತ್ತ ರಸ್ತೆಯ ಪಕ್ಕದಲ್ಲಿ ನಿಂತವನೂ ಅವನೇ. ಅವನ ಹೆಗಲ ಮೇಲೆ ಗೀಟುಗೀಟಿನ ಕೋಟಿನ ಬದಲು ಟವಲು ಇರಬಹುದು, ಅಷ್ಟೇ ವ್ಯತ್ಯಾಸ. ಆದುದರಿಂದ ಅವನನ್ನು ಸೃಷ್ಟಿಸಿದವರ ಚರಿತ್ರೆಯನ್ನು ಹೇಳುವ ಅಧಿಕಾರ ನಮ್ಮ ಸೀಮೆಯವರಿಗೂ ಉಂಟು.

ಲಕ್ಷ್ಮಣರು ೧೯೨೧ನೆಯ ಇಸವಿ ಅಕ್ಟೋಬರ್ ೨೪ರಂದು ಮೈಸೂರು ನಗರದಲ್ಲಿ ಜನಿಸಿದರು. ತಂದೆ ಕೃಷ್ಣಸ್ವಾಮಿ ಅಯ್ಯರ್ ಅವರು ಹೈಸ್ಕೂಲಿನ ಹೆಡ್‌ಮಾಸ್ಟರು. ಮನೆತುಂಬ ಮಕ್ಕಳು, ಅವರಲ್ಲಿ ಎಲ್ಲರಿಗಿಂತಲೂ ಕಿರಿಯವರು ಇವರು. ಇಂಗ್ಲಿಷಿನಲ್ಲಿ ಕಾದಂಬರಿಗಳನ್ನು ಬರೆದು ಲೋಕಪ್ರಸಿದ್ಧರಾದ ಶ್ರೀ ಆರ್. ಕೆ. ನಾರಾಯಣರು ಇವರಿಗೆ ಹದಿನೈದು ವರ್ಷ ಹಿರಿಯರಾದ ಅಣ್ಣ. ಮನೆಯಲ್ಲಿ ಪುಸ್ತಕಗಳಿಗೂ ವಿಲಾಯತಿಯ ಪತ್ರಿಕೆಗಳಿಗೂ ಕೊರತೆಯಿರಲಿಲ್ಲ. ಮಗು ಇನ್ನೂ ಅಕ್ಷರಗಳನ್ನು ಕೂಡಿಸಿ ಓದಲು ಕಲಿಯುವುದಕ್ಕೆ ಮೊದಲೇ ಆ ಪತ್ರಿಕೆಗಳ ಚಿತ್ರಗಳನ್ನು ನೋಡುತ್ತ ಕುಳಿತುಬಿಡುತ್ತಿತ್ತು. ಕೈಗೆ ಸೀಮೆಸುಣ್ಣ ಸಿಕ್ಕಿದ್ದೇ ತಡ, ನೆಲ, ಗೋಡೆ, ಬಾಗಿಲು ಇವೆಲ್ಲವೂ ಚಿತ್ರಪಟಗಳಾದವು.

ಒಂದು ದಿನ ಶಾಲೆಯಲ್ಲಿ ಉಪಾಧ್ಯಾಯರು ಎಲೆಯೊಂದನ್ನು ಬರೆಯಿರೆಂದು ಮಕ್ಕಳಿಗೆ ಹೇಳಿದರಂತೆ. ಈ ಬಾಲಕ ಅರಳಿ ಎಲೆಯನ್ನು ಬರೆದ. ಅದನ್ನು ಕಂಡ ಉಪಾಧ್ಯಾಯರು ಚೆನ್ನಾಗಿದೆಯೆಂದು ಮೆಚ್ಚಿ ನುಡಿದರು. ಅಂದಿನಿಂದ ತಾನು ಚಿತ್ರಕಾರನೆಂಬ ಭಾವನೆ ತಮ್ಮಲ್ಲಿ ಬೇರೂರಿತೆಂದು ಲಕ್ಷ್ಮಣರೇ ಮುಂದೆ ಹೇಳಿಕೊಂಡಿದ್ದಾರೆ. ಆ ಉಪಾಧ್ಯಾಯರ ಹೆಸರು ಲೋಕಕ್ಕೆ ತಿಳಿಯದು. ಅವರು ಆಡಿದ್ದು ಒಂದೇ ಮಾತು, ಅದಕ್ಕೆ ಹಿಡಿದದ್ದು ಅರ್ಧ ನಿಮಿಷವೂ ಇರಲಾರದು. ನಮ್ಮ ವೃತ್ತಿಯಲ್ಲಿ ಯಾವ ಮಾತು ಎಲ್ಲಿ ನಾಟುವುದೆಂಬುದು ಹೇಳಿದವನಿಗೆ ಗೊತ್ತಾಗುವುದೇ ಅಪರೂಪ.

ಬಾಲ್ಯದಲ್ಲಿ ಇವರು ಬರಿಯ ಚಿತ್ರ ಬರೆಯುತ್ತ ಮೂಲೆಯಲ್ಲಿ ಕೂತವರಲ್ಲ. ಬೀದಿಯ ಹುಡುಗರನ್ನು ಕಟ್ಟಿಕೊಂಡು ಕ್ರಿಕೆಟ್ಟಿನ ತಂಡವೊಂದಕ್ಕೆ ನಾಯಕರಾಗಿದ್ದರು. ಆ ತಂಡಕ್ಕೆ ‘ರಫ್ ಅಂಡ್ ಟಫ್ ಅಂಡ್ ಜಾಲಿ’ ಎಂಬ ವಿಚಿತ್ರವಾದ ನಾಮಧೇಯ. ತಮ್ಮನ ಈ ಸಾಹಸಗಳನ್ನು ಅಣ್ಣ ಸುಮ್ಮನೆ ನೋಡುತ್ತಿರಲಿಲ್ಲ. ಹಣ ಸಂಪಾದಿಸಲು ಹೊರಟ ‘ಡೋಡು’ ಎಂಬ ಪೋರನ ಕಥೆಗೂ ಕ್ರಿಕೆಟ್ ಕ್ಲಬ್ಬಿನ ಕಥೆಗೂ ಈ ತಮ್ಮನೇ ಮೂಲ. ಮುಂದೆ ಅಣ್ಣನ ಕಥೆಗಳು ‘ಹಿಂದೂ’ ಪತ್ರಿಕೆಯಲ್ಲಿ ಬಂದಾಗ ತಮ್ಮ ಅವುಗಳಿಗೆ ಚಿತ್ರಗಳನ್ನು ಬರೆದು ಆ ಋಣವನ್ನು ತೀರಿಸಿದರು.

ತಂದೆಗೆ ಪಾರ್ಶ್ವವಾಯು ತಗುಲಿ ಒಂದು ವರ್ಷದೊಳಗಾಗಿ ಅವರು ತೀರಿಕೊಂಡರು. ಲಕ್ಷ್ಮಣರು ಆಗಿನ್ನೂ ವಿದ್ಯಾರ್ಥಿ. ಅಣ್ಣಂದಿರು ಸಂಸಾರದ ಭಾರವನ್ನು ಹೊತ್ತುಕೊಂಡುದರಿಂದ ಓದಿಗೆ ವಿಘ್ನ ಬರಲಿಲ್ಲ.

ಆ ಕಾಲದಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಡೇವಿಡ್ ಲೋ ಎಂಬ ವ್ಯಂಗ್ಯಚಿತ್ರಕಾರರಿದ್ದರು. ನ್ಯೂಜಿಲೆಂಡಿನಲ್ಲಿ ಹುಟ್ಟಿದವರು, ಹಿಟ್ಲರನನ್ನೂ ಮುಸೊಲಿನಿಯನ್ನೂ ಗೇಲಿಮಾಡಿ ಅವರ ಕೋಪಕ್ಕೆ ಗುರಿಯಾದವರು. ಅವರ ಚಿತ್ರಗಳು ‘ಹಿಂದೂ’ ಪತ್ರಿಕೆಯ ಮೂಲಕ ಮೈಸೂರಿನ ಈ ಬಾಲಕನ ಕಣ್ಣಿಗೆ ಬಿದ್ದವು. ಚಿತ್ರದ ಮೂಲೆಯ ಸಹಿಯನ್ನು ಇವರು ಬಹುಕಾಲ ‘ಲೋ’ ಎಂದು ಓದದೆ ‘ಕೌ’ ಎಂದು ಓದುತ್ತಿದ್ದರಂತೆ! ಗುರುವಿನ ಹೆಸರನ್ನು ಹಸುವೆಂದು ತಿಳಿದ ಶಿಷ್ಯನಿಗೂ ವಿದ್ಯೆ ಹತ್ತಿತು. ಏಕಲವ್ಯನಿಗೆ ಮಣ್ಣಿನ ಪ್ರತಿಮೆಯಾದರೂ ಇತ್ತು. ಇವರಿಗೆ ಇದ್ದದ್ದು ತಪ್ಪಾಗಿ ಓದಿದ ಒಂದು ಸಹಿ.

ಹೈಸ್ಕೂಲು ಮುಗಿದ ಮೇಲೆ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಸೇರಬೇಕೆಂದು ತಮ್ಮ ಚಿತ್ರಗಳೊಡನೆ ಅರ್ಜಿಯನ್ನು ಕಳುಹಿಸಿದರು. ಅಲ್ಲಿಯ ಮುಖ್ಯಸ್ಥರಿಂದ ಬಂದ ಉತ್ತರ ನಿರಾಶಾದಾಯಕವಾಗಿತ್ತು. ಈ ಚಿತ್ರಗಳಲ್ಲಿ ತಮ್ಮ ಶಾಲೆಗೆ ಸೇರಿಸಿಕೊಳ್ಳುವಂತಹ ಪ್ರತಿಭೆ ಕಾಣುವುದಿಲ್ಲವೆಂಬುದು ಅದರ ತಾತ್ಪರ್ಯ. ಹುಡುಗ ಕುಗ್ಗಲಿಲ್ಲ. ಮೈಸೂರಿನಲ್ಲಿಯೇ ಮಹಾರಾಜಾ ಕಾಲೇಜನ್ನು ಸೇರಿ ಬಿ. ಎ. ಪದವಿಯನ್ನು ಪಡೆದರು. ಪದವಿಗೆ ಓದುತ್ತಿರುವಾಗಲೇ ಪತ್ರಿಕೆಗಳಿಗೆ ಬಿಡಿಚಿತ್ರಗಳನ್ನು ಕಳುಹಿಸುವ ಅಭ್ಯಾಸ ಬೆಳೆಯಿತು.

ಇಲ್ಲಿ ಕನ್ನಡಿಗರಾದ ನಾವು ಸ್ವಲ್ಪ ನಿಂತು ನೋಡಬೇಕಾದ ಸಂಗತಿಯೊಂದಿದೆ. ೧೯೪೨ರಲ್ಲಿ ಬೆಂಗಳೂರಿನ ವೈದ್ಯರಾದ ಡಾಕ್ಟರ್ ಎಂ. ಶಿವರಾಮ್ ಅವರು, ಎಂದರೆ ನಮ್ಮೆಲ್ಲರ ‘ರಾಶಿ’ಯವರು, ‘ಕೊರವಂಜಿ’ ಎಂಬ ಹಾಸ್ಯಪತ್ರಿಕೆಯನ್ನು ಆರಂಭಿಸಿದರು. ಬೆಳಿಗ್ಗೆ ರೋಗಿಗಳ ನಾಡಿಯನ್ನು ನೋಡಿದ ಕೈಯಿಂದಲೇ ಸಂಜೆ ಸಮಾಜದ ನಾಡಿಯನ್ನು ನೋಡಿದ ಮಹಾನುಭಾವರು ಅವರು. ಆ ಪತ್ರಿಕೆಯಲ್ಲಿ ಶ್ರೀ ನಾ. ಕಸ್ತೂರಿಯವರು ಬರೆದರು, ಹೆಂಗಸರು ಹಾಸ್ಯ ಬರೆಯುವುದುಂಟೇ ಎಂದು ಹುಬ್ಬೇರಿಸುತ್ತಿದ್ದ ಕಾಲದಲ್ಲಿ ಶ್ರೀಮತಿ ಟಿ. ಸುನಂದಮ್ಮನವರು ಬರೆದರು; ಲಕ್ಷ್ಮಣರು ಚಿತ್ರಗಳನ್ನು ಬರೆದರು. ಲೋಕವೆಲ್ಲ ಅವರನ್ನು ಇಂಗ್ಲಿಷ್ ಪತ್ರಿಕೆಯ ಚಿತ್ರಕಾರರೆಂದು ತಿಳಿದಿದೆ; ಅದು ಸರಿಯೂ ಹೌದು. ಆದರೆ ಅವರ ಗೀಟು ಎಳೆಯದಾಗಿದ್ದಾಗ ಅದಕ್ಕೆ ಅಂಗಳವನ್ನು ಕೊಟ್ಟ ಪತ್ರಿಕೆಗಳಲ್ಲಿ ಕನ್ನಡದ ಒಂದು ಪುಟ್ಟ ಮಾಸಪತ್ರಿಕೆಯೂ ಉಂಟೆಂಬುದನ್ನು ನಾವಾದರೂ ಮರೆಯಬಾರದು. ‘ಕೊರವಂಜಿ’ಯು ಕಾಲು ಶತಮಾನ ನಡೆದು ೧೯೬೭ರಲ್ಲಿ ನಿಂತಿತು. ಅದರ ಪರಂಪರೆಯನ್ನು ಮುಂದುವರಿಸಲು ‘ಅಪರಂಜಿ’ಯು ೧೯೮೩ರಲ್ಲಿ ಹುಟ್ಟಿತು.

ಮುಂಬಯಿಗೆ ಹೋದ ಲಕ್ಷ್ಮಣರಿಗೆ ‘ಫ್ರೀ ಪ್ರೆಸ್ ಜರ್ನಲ್’ ಎಂಬ ಪತ್ರಿಕೆಯಲ್ಲಿ ಕೆಲಸ ದೊರೆಯಿತು. ಅಲ್ಲಿ ಇವರ ಪಕ್ಕದಲ್ಲಿ ಕುಳಿತು ವ್ಯಂಗ್ಯಚಿತ್ರಗಳನ್ನು ಬರೆಯುತ್ತಿದ್ದ ಮತ್ತೊಬ್ಬ ತರುಣ, ಮುಂದೆ ಶಿವಸೇನೆಯನ್ನು ಕಟ್ಟಿದ ಬಾಳ್ ಠಾಕರೆಯವರು. ವಿಧಿಯ ವಿಲಾಸವನ್ನು ನೋಡಿ: ಒಂದೇ ಕೋಣೆಯ ಎರಡು ಕುಂಚಗಳಲ್ಲಿ ಒಂದು ದಂಡನ್ನು ಕೂಡಿಸಿತು, ಇನ್ನೊಂದು ಯಾವ ದಂಡಿಗೂ ಸೇರದ ಮನುಷ್ಯನನ್ನು ಹುಟ್ಟಿಸಿತು. ಸ್ವಲ್ಪ ಕಾಲದಲ್ಲಿಯೇ ಪತ್ರಿಕೆಯ ಒಡೆಯರು ಕಮ್ಯೂನಿಸ್ಟರನ್ನು ಹಾಸ್ಯ ಮಾಡಕೂಡದೆಂದು ಲಕ್ಷ್ಮಣರಿಗೆ ಕಟ್ಟುಮಾಡಿದರು. ಇಂತಹವರನ್ನು ನಗು, ಇಂತಹವರನ್ನು ನಗಬೇಡ ಎಂಬ ಅಪ್ಪಣೆಯನ್ನು ಹೊತ್ತು ಕೆಲಸ ಮಾಡಲು ಇವರು ಒಪ್ಪಲಿಲ್ಲ. ಕೆಲಸವನ್ನು ಬಿಟ್ಟು ಹೊರಬಂದು ‘ಟೈಮ್ಸ್ ಆಫ್ ಇಂಡಿಯಾ’ ಪತ್ರಿಕೆಯನ್ನು ಸೇರಿದರು. ಜೀವಮಾನದ ಮಿಕ್ಕ ಕೆಲಸವೆಲ್ಲ ಅಲ್ಲಿಯೇ ನಡೆಯಿತು.

ಆ ಪತ್ರಿಕೆಯಲ್ಲಿ ೧೯೫೧ರಲ್ಲಿ ‘ಯೂ ಸೆಡ್ ಇಟ್’ ಎಂಬ ಶಿರೋನಾಮೆಯ ಕೆಳಗೆ ಒಂದು ಚೌಕಟ್ಟಿನ ದೈನಂದಿನ ಚಿತ್ರವು ಆರಂಭವಾಯಿತು. ‘ನೀವೇ ಹೇಳಿದಿರಿ’ ಎಂದು ಅದನ್ನು ಕನ್ನಡಿಸಬಹುದು. ಸಾಮಾನ್ಯ ಮನುಷ್ಯನು ಪ್ರತ್ಯಕ್ಷನಾದುದು ಇಲ್ಲಿ. ಅವನ ಜನ್ಮವೃತ್ತಾಂತವನ್ನು ಹೇಳಲೇಬೇಕು, ಏಕೆಂದರೆ ಅದರಲ್ಲಿ ಕಲೆಯ ರಹಸ್ಯವೊಂದು ಅಡಗಿದೆ.

ಮೊದಮೊದಲು ಲಕ್ಷ್ಮಣರು ಭಾರತದ ಪ್ರಜೆಯನ್ನು ತೋರಿಸಬೇಕಾದಾಗ ಒಂದು ಗುಂಪನ್ನೇ ಬರೆಯುತ್ತಿದ್ದರು. ಬಂಗಾಳಿ, ತಮಿಳ, ಪಂಜಾಬಿ, ಮರಾಠ, ಹೀಗೆ ಒಬ್ಬೊಬ್ಬರಿಗೂ ಅವರವರ ಉಡುಪು, ಅವರವರ ಮೀಸೆ, ಅವರವರ ರುಮಾಲು. ದಿನಪತ್ರಿಕೆಯ ಕೆಲಸವೆಂದರೆ ಗಡಿಯಾರದೊಡನೆ ಜೂಜಾಟ. ಸಂಜೆಯೊಳಗೆ ಚಿತ್ರ ಅಚ್ಚಿನ ಮನೆಗೆ ಹೋಗಬೇಕು. ಇಷ್ಟು ಮುಖಗಳನ್ನು ಬರೆಯಲು ಹೊತ್ತು ಸಾಲದು. ಆದುದರಿಂದ ಇವರು ಗುಂಪಿನಲ್ಲಿ ಒಬ್ಬೊಬ್ಬರನ್ನೇ ಬಿಡುತ್ತ ಬಂದರು. ಕೊನೆಗೆ ಒಬ್ಬನು ಉಳಿದ. ಕಚ್ಚೆಪಂಚೆ, ಗೀಟುಗಳ ಕೋಟು, ದುಂಡನೆಯ ಕನ್ನಡಕ, ಬೋಳುತಲೆಯ ಹಿಂದೆ ಎದ್ದುನಿಂತ ನಾಲ್ಕು ಬೆಳ್ಗೂದಲು, ಪೊದೆಯಂತಹ ಮೀಸೆ, ಗುಂಡಾದ ಮೂಗು. ಅವನಿಗೆ ಊರಿಲ್ಲ, ಜಾತಿಯಿಲ್ಲ, ಭಾಷೆಯಿಲ್ಲ. ‘ನೇತಿ, ನೇತಿ’ ಎಂದು ಒಂದೊಂದನ್ನೇ ಕಳೆಯುತ್ತ ಹೋದರೆ ಉಳಿಯುವುದು ಯಾವುದೋ ಅದೇ ತತ್ತ್ವವೆಂದು ವೇದಾಂತಿಗಳು ಹೇಳುತ್ತಾರೆ. ಲಕ್ಷ್ಮಣರು ವೇದಾಂತದಿಂದ ಅಲ್ಲ, ಹೊತ್ತಿನ ಅಭಾವದಿಂದ ಆ ಮಾರ್ಗವನ್ನು ಹಿಡಿದರು. ಫಲ ಮಾತ್ರ ಒಂದೇ ಆಯಿತು.

ಇನ್ನೊಂದು ವಿಶೇಷ. ಈ ಮನುಷ್ಯನು ಎಂದೂ ಬಾಯಿ ಬಿಡುವುದಿಲ್ಲ. ಮಂತ್ರಿಗಳು ಮಾತನಾಡುತ್ತಾರೆ, ಅಧಿಕಾರಿಗಳು ಮಾತನಾಡುತ್ತಾರೆ, ವರ್ತಕರು ಮಾತನಾಡುತ್ತಾರೆ. ಇವನು ಮೂಲೆಯಲ್ಲಿ ನಿಂತು ಕೇಳುತ್ತಾನೆ, ನೋಡುತ್ತಾನೆ. ಸಭೆಯಲ್ಲಿ, ಆಸ್ಪತ್ರೆಯಲ್ಲಿ, ವಿಮಾನದಲ್ಲಿ, ಗುಂಡಿಬಿದ್ದ ರಸ್ತೆಯಲ್ಲಿ, ಮಂತ್ರಿಗಳ ಖಾಸಗಿ ಕೋಣೆಯಲ್ಲಿಯೂ ಇವನಿಗೆ ಪ್ರವೇಶ. ಯಾರೂ ಇವನನ್ನು ತಡೆಯುವುದಿಲ್ಲ, ಏಕೆಂದರೆ ಯಾರ ಕಣ್ಣಿಗೂ ಇವನು ಬೀಳುವುದಿಲ್ಲ.

ಸಂಸ್ಕೃತ ನಾಟಕಗಳಲ್ಲಿ ರಾಜನ ಪಕ್ಕದಲ್ಲಿ ವಿದೂಷಕನಿರುತ್ತಾನೆ. ಅವನ ಆಯುಧ ಮಾತು, ಅವನ ಬಲಹೀನತೆ ಮೋದಕ. ರಾಜನ ಸಖನಾದುದರಿಂದ ಅವನ ಪರಿಹಾಸಕ್ಕೆ ಒಂದು ಎಲ್ಲೆಯುಂಟು. ಲಕ್ಷ್ಮಣರ ಮನುಷ್ಯನು ಯಾರ ಸಖನೂ ಅಲ್ಲ, ಯಾರ ಅನ್ನದ ಋಣದಲ್ಲಿಯೂ ಇಲ್ಲ. ಅವನು ವಿದೂಷಕನಿಗಿಂತ ಹೆಚ್ಚಾಗಿ ಸಾಕ್ಷಿ. ಹಾಸ್ಯವು ಆತ್ಮಸ್ಥ, ಪರಸ್ಥ ಎಂದು ಎರಡು ಬಗೆಯೆಂದು ಭರತಮುನಿಗಳು ವಿಭಾಗಿಸಿದ್ದಾರೆ. ತಾನೇ ನಕ್ಕರೆ ಆತ್ಮಸ್ಥ, ಇನ್ನೊಬ್ಬರನ್ನು ನಗಿಸಿದರೆ ಪರಸ್ಥ. ಈ ಮನುಷ್ಯನು ತಾನು ನಗುವವನಲ್ಲ. ನಗುವುದನ್ನೆಲ್ಲ ನಮಗೆ ಬಿಟ್ಟಿದ್ದಾನೆ. ಮೇಲಾಗಿ ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ನಗೆಯಲ್ಲಿ ಆರು ಮೆಟ್ಟಿಲುಗಳನ್ನು ಎಣಿಸಿ, ಮೊದಲಿನ ಎರಡು ಉತ್ತಮರಿಗೆ ತಕ್ಕವೆಂದು ಶಾಸ್ತ್ರ ಹೇಳುತ್ತದೆ. ಹಲ್ಲು ಕಾಣದ ಸ್ಮಿತವನ್ನು ಪ್ರತಿನಿತ್ಯ ಹುಟ್ಟಿಸುವುದು ಅಟ್ಟಹಾಸವನ್ನು ಹುಟ್ಟಿಸುವುದಕ್ಕಿಂತ ಕಷ್ಟ. ಲಕ್ಷ್ಮಣರು ಆ ಕಷ್ಟವನ್ನು ಆಯ್ದುಕೊಂಡರು. ಬೆಳಿಗ್ಗೆ ಕಚೇರಿಗೆ ಬಂದು ಪತ್ರಿಕೆಗಳನ್ನೆಲ್ಲ ಓದಿ, ಮಧ್ಯಾಹ್ನದವರೆಗೆ ಚಿಂತಿಸುತ್ತ ಕುಳಿತು, ಆ ಬಳಿಕ ಕುಂಚವನ್ನು ಹಿಡಿಯುವುದು ಅವರ ನಿತ್ಯವಿಧಿ.

ವ್ಯಂಗ್ಯವು ನಮ್ಮ ಹಿಂದಿನವರಿಗೆ ಹೊಸದೇನೂ ಅಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ‘ನರ್ಮಮಾಲೆ’ಯಲ್ಲಿ ಲಂಚಕೋರರಾದ ಕಾಯಸ್ಥರನ್ನು, ಎಂದರೆ ಅಂದಿನ ಸರಕಾರಿ ಲೆಕ್ಕಿಗರನ್ನು, ಹಿಗ್ಗಾಮುಗ್ಗ ಎಳೆದಿದ್ದಾನೆ. ಹದಿನೇಳನೆಯ ಶತಮಾನದ ನೀಲಕಂಠ ದೀಕ್ಷಿತರ ‘ಕಲಿವಿಡಂಬನ’ದಲ್ಲಿ ವೈದ್ಯರು, ಜೋಯಿಸರು, ಸಾಲಗಾರರು, ನೆಂಟರು ಯಾರಿಗೂ ಬಿಡುಗಡೆಯಿಲ್ಲ, ಪಾಠಹೇಳುವ ಪಂಡಿತರಿಗಂತೂ ಮೊದಲ ಪಂಕ್ತಿಯಲ್ಲಿಯೇ ಎಲೆ ಹಾಕಿದ್ದಾರೆ! ಆದರೆ ಕ್ಷೇಮೇಂದ್ರನ ಮಾತಿನಲ್ಲಿ ವಿಷವುಂಟು. ಓದಿ ಮುಗಿಸಿದ ಮೇಲೆ ನಾಲಗೆಯಲ್ಲಿ ಕಹಿ ಉಳಿಯುತ್ತದೆ. ಲಕ್ಷ್ಮಣರ ಚಿತ್ರದಲ್ಲಿ ಮಂತ್ರಿಯೂ ಒಬ್ಬ ಪಾಪದ ಪ್ರಾಣಿಯೇ. ತನ್ನ ಹೊಟ್ಟೆಯ ಭಾರವನ್ನೂ ತನ್ನ ಸುಳ್ಳಿನ ಭಾರವನ್ನೂ ಹೊರಲಾರದೆ ಹೊತ್ತವನು.

ನಮ್ಮ ಸೀಮೆಯವರು ಈ ವಿಷಯದಲ್ಲಿ ಕಾಶ್ಮೀರದವರೆಗೆ ಹೋಗಬೇಕಾದುದೂ ಇಲ್ಲ. ತೊಗಲುಬೊಂಬೆಯ ಆಟವನ್ನು ಕಂಡವರು ಕಿಳ್ಳೇಕ್ಯಾತನನ್ನು ಬಲ್ಲರು. ದೀಪದ ಮುಂದಿನ ಪರದೆಯ ಮೇಲೆ ರಾಮರಾವಣರ ಯುದ್ಧ ನಡೆಯುತ್ತಿರುವಾಗ ಮಧ್ಯದಲ್ಲಿ ನುಗ್ಗಿ, ವಕ್ರವಾದ ಮೂಗನ್ನೂ ಮುಂಚಾಚಿದ ಹೊಟ್ಟೆಯನ್ನೂ ಕುಣಿಸುತ್ತ ಊರ ಗೌಡರನ್ನೂ ಶಾನುಭೋಗರನ್ನೂ ಎದುರಿಗೆ ಕೂರಿಸಿಕೊಂಡೇ ಗೇಲಿ ಮಾಡುವ ಹಕ್ಕು ಅವನಿಗೆ ಇತ್ತು. ಅವನ ಹೆಂಡತಿ ಬಂಗಾರಕ್ಕ ಅವನಿಗಿಂತ ಬಾಯಿಜೋರು. ಚರ್ಮದ ಮೇಲೆ ಎಳೆದ ಒಂದು ಗೀಟನ್ನು ಸ್ವಲ್ಪ ಹೆಚ್ಚಾಗಿ ಬಾಗಿಸಿ ನಗಿಸುವ ವಿದ್ಯೆ ನಮ್ಮ ಹಳ್ಳಿಗಳಲ್ಲಿ ಅಚ್ಚಿನ ಯಂತ್ರ ಬರುವುದಕ್ಕೆ ಎಷ್ಟೋ ಮುಂಚೆಯೇ ಇದ್ದಿತು.

ಹೆಂಡತಿಯ ಮಾತು ಬಂದುದರಿಂದ ಗೃಹಿಣಿಯರಾದ ವಾಚಕರಿಗೆ ಒಂದು ಸಂಗತಿಯನ್ನು ಹೇಳಬೇಕು. ಲಕ್ಷ್ಮಣರ ಸಾಮಾನ್ಯ ಮನುಷ್ಯನು ಮೌನಿಯಾದರೂ ಅವನ ಮನೆಯಾಕೆ ಮೌನಿಯಲ್ಲ. ಅಕ್ಕಿಬೇಳೆಯ ಧಾರಣೆಯಿಂದ ಹಿಡಿದು ದಿಲ್ಲಿಯ ರಾಜಕಾರಣದವರೆಗೆ ಆಕೆಗೆ ಸ್ವಂತ ಅಭಿಪ್ರಾಯವುಂಟು, ಅದನ್ನು ಗಟ್ಟಿಯಾಗಿ ಆಡುವ ಧೈರ್ಯವೂ ಉಂಟು. ಒಬ್ಬರು ನೋಡುವವರು, ಒಬ್ಬರು ಹೇಳುವವರು. ಸಾಮಾನ್ಯ ಮನುಷ್ಯನೆಂಬ ಹೆಸರಿನಲ್ಲಿ ಪಟ್ಟಣದ ಮಧ್ಯಮವರ್ಗದ ಗಂಡಸನ್ನೇ ತೋರಿಸಿದರೆಂದು ಕೆಲವರು ಆಕ್ಷೇಪಿಸಿದ್ದುಂಟು. ಆ ಆಕ್ಷೇಪದಲ್ಲಿ ಸತ್ಯಾಂಶವಿದೆ. ಕೂಲಿಯವನೂ ಒಕ್ಕಲಿಗನೂ ಅವರ ಚಿತ್ರಗಳಲ್ಲಿ ಬರುವರಾದರೂ ಚೌಕಟ್ಟಿನಲ್ಲಿ ನಿತ್ಯವಾದ ಜಾಗ ಕೋಟು ಹಾಕಿದವನದೇ. ಆದರೆ ಮನೆಯಾಕೆಯ ಬಾಯಿಯನ್ನು ನೆನೆದರೆ ಆಕ್ಷೇಪದ ಅರ್ಧ ತೂಕ ಇಳಿದುಹೋಗುತ್ತದೆಂದು ನನ್ನ ಮತ.

ರಾಜಕಾರಣಿಗಳ ಮುಖಗಳನ್ನು ಬರೆಯುವುದರಲ್ಲಿ ಅವರ ಕೈಚಳಕ ಪ್ರಸಿದ್ಧವಾದುದು. ನೆಹರೂ ಅವರನ್ನು ಟೋಪಿಯಿಲ್ಲದೆ ಬೋಳುತಲೆಯಲ್ಲಿ ಬರೆದರು. ಇಂದಿರಾ ಗಾಂಧಿಯವರ ಮೂಗನ್ನು ಉದ್ದ ಮಾಡಿದರು. ನಮ್ಮ ಜಿಲ್ಲೆಯ ಹಿರಿಯರಾದ ಶ್ರೀ ಎಸ್. ನಿಜಲಿಂಗಪ್ಪನವರು ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ೧೯೬೯ರಲ್ಲಿ ಆ ಸಂಸ್ಥೆ ಇಬ್ಭಾಗವಾಯಿತಷ್ಟೆ. ಆ ಕಾಲದಲ್ಲಿ ದೇಶದ ವ್ಯಂಗ್ಯಚಿತ್ರಕಾರರಿಗೆಲ್ಲ ಸುಗ್ಗಿ. ಚಿತ್ರದುರ್ಗದ ವಕೀಲರಾಗಿ ಎಲ್ಲರಿಗೂ ಪರಿಚಿತರಾದ ತಮ್ಮೂರ ದೊಡ್ಡವರ ಮುಖವನ್ನು ದೂರದ ಪಟ್ಟಣಗಳ ಪತ್ರಿಕೆಗಳಲ್ಲಿ ಸೊಟ್ಟಗೆ ಬರೆದುದನ್ನು ಕಂಡು ಕೆಲವರು ಸಿಟ್ಟಾದರೆಂದೂ, ಕೆಲವರು ಅದನ್ನು ಕತ್ತರಿಸಿ ಇಟ್ಟುಕೊಂಡರೆಂದೂ ನಮ್ಮ ಹಿರಿಯರು ಹೇಳುತ್ತಿದ್ದರು. ಎರಡೂ ಅಭಿಮಾನದ ಲಕ್ಷಣವೇ.

ಆದರೂ ನನ್ನ ತೀರ್ಮಾನ ಇದು: ಹೆಸರುಳ್ಳ ನಾಯಕರ ಚಿತ್ರಗಳಿಗಿಂತ ಹೆಸರಿಲ್ಲದವರ ಚಿತ್ರಗಳೇ ಲಕ್ಷ್ಮಣರ ಶ್ರೇಷ್ಠ ಕೃತಿಗಳು. ನಾಯಕನು ಮರೆತುಹೋದ ಮೇಲೆ ಅವನ ಮೂಗಿನ ಉದ್ದಕ್ಕೆ ಅರ್ಥವುಳಿಯುವುದಿಲ್ಲ. ಕಡತ ಮಾತ್ರ ಹಾಗೆಯೇ ಇರುತ್ತದೆ, ನೀರಿಲ್ಲದ ನಲ್ಲಿಯೂ ಹಾಗೆಯೇ ಇರುತ್ತದೆ. ನಮ್ಮ ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ೧೮೯೮ರಿಂದ ೧೯೦೭ರವರೆಗೆ ಕಟ್ಟಿದ ವಾಣೀವಿಲಾಸ ಸಾಗರವು ೧೯೩೩ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು ೨೦೨೨ರಲ್ಲಿ, ಎಂದರೆ ೮೯ ವರ್ಷಗಳ ಬಳಿಕ. ಈ ನಡುವೆ ನಮ್ಮ ತಾಲ್ಲೂಕುಗಳು ಕಂಡ ಬರಗಳೆಷ್ಟು, ಬರವನ್ನು ನೋಡಲು ಬಂದ ಸಮಿತಿಗಳೆಷ್ಟು! ಭದ್ರಾ ಮೇಲ್ದಂಡೆ ಯೋಜನೆಗೆ ಕೇಂದ್ರದಿಂದ ೫೩೦೦ ಕೋಟಿ ರೂಪಾಯಿಗಳ ನೆರವೆಂದು ೨೦೨೩ರ ಆಯವ್ಯಯದಲ್ಲಿ ಸಾರಿದಾಗ ಹೊಸದುರ್ಗದ ಚಹದಂಗಡಿಯಲ್ಲಿ ಪತ್ರಿಕೆಯನ್ನು ಹಿಡಿದು ಕುಳಿತಿದ್ದ ಮುದುಕರೊಬ್ಬರು ಹಿಗ್ಗಲೂ ಇಲ್ಲ, ಜರೆಯಲೂ ಇಲ್ಲ. ಕನ್ನಡಕವನ್ನು ಒರೆಸಿ ಮತ್ತೊಮ್ಮೆ ಅಂಕಿಯನ್ನು ಓದಿಕೊಂಡರು. ಲಕ್ಷ್ಮಣರು ಐವತ್ತು ವರ್ಷ ಬರೆದ ಮುಖ ಅದೇ.

ಅವರಿಗೆ ಕಾಗೆಯೆಂದರೆ ಅತ್ಯಂತ ಪ್ರೀತಿ. ಬಾಲ್ಯದಿಂದ ಕಡೆಯವರೆಗೆ ಕಾಗೆಗಳನ್ನು ನೋಡಿದರು, ಬರೆದರು. ಶನಿಯ ವಾಹನವೆಂದು ನಾವು ಓಡಿಸುವ ಪಕ್ಷಿಯಲ್ಲಿ ಅವರು ಬುದ್ಧಿಯನ್ನೂ ಸೌಂದರ್ಯವನ್ನೂ ಕಂಡರು. ಸಂಸ್ಕೃತ ಪಂಡಿತರಲ್ಲಿ ಕಾಕಾಕ್ಷಿಗೋಲಕ ನ್ಯಾಯವೆಂಬುದೊಂದುಂಟು. ಕಾಗೆಗೆ ಕಣ್ಣುಗುಡ್ಡೆ ಒಂದೇ, ಅದನ್ನೇ ಎರಡು ಕಡೆಗೂ ಹೊರಳಿಸಿ ನೋಡುತ್ತದೆಂಬ ನಂಬಿಕೆಯಿಂದ, ಒಂದೇ ಪದವು ಎರಡು ಕಡೆಗೆ ಅನ್ವಯಿಸಿದಾಗ ಈ ನ್ಯಾಯವನ್ನು ಹೇಳುತ್ತಾರೆ. ಲಕ್ಷ್ಮಣರ ಗೀಟಿಗೆ ಇದಕ್ಕಿಂತ ಒಳ್ಳೆಯ ವರ್ಣನೆ ನನಗೆ ತೋಚದು: ಒಂದೇ ಗೀಟು ಆಳುವವನ ಕಡೆಗೂ ಹೊರಳುತ್ತದೆ, ಅವನನ್ನು ಆರಿಸಿದ ನಮ್ಮ ಕಡೆಗೂ ಹೊರಳುತ್ತದೆ. ಕಾಗೆಯ ಬಳಿಕ ಅವರ ಪ್ರೀತಿ ಗಣಪತಿಯ ಮೇಲೆ. ಅವನನ್ನು ನಾನಾ ಭಂಗಿಗಳಲ್ಲಿ ಬರೆದರು. ಹೊಳಲ್ಕೆರೆಯ ದೊಡ್ಡ ಗಣಪತಿಯ ಮುಂದೆ ನಿಂತು ಕೈಮುಗಿದವರಿಗೆ ಇದು ಆಶ್ಚರ್ಯವೆನಿಸದು. ಆನೆಯ ಮುಖ, ಡೊಳ್ಳುಹೊಟ್ಟೆ, ಇಲಿಯ ವಾಹನ. ಭಕ್ತಿಯೂ ನಗುವೂ ಒಂದೇ ಕಾಲಕ್ಕೆ ಉಕ್ಕುವಂತೆ ನಮ್ಮ ಪೂರ್ವಿಕರು ಕಲ್ಪಿಸಿದ ದೇವರು ಅವನು.

ನಗುವವನಿಗೆ ಆಪತ್ತುಗಳೂ ಉಂಟು. ೧೯೭೫ರ ಜೂನ್ ೨೫ರಂದು ತುರ್ತುಪರಿಸ್ಥಿತಿಯು ಘೋಷಿತವಾಗಿ ಪತ್ರಿಕೆಗಳ ಮೇಲೆ ಸೆನ್ಸಾರಿನ ಕತ್ತರಿ ಬಿದ್ದಿತು. ಶ್ರೀ ಶಂಕರ್ ಪಿಳ್ಳೆಯವರು ೧೯೪೮ರಿಂದ ನಡೆಸಿಕೊಂಡು ಬಂದಿದ್ದ ‘ಶಂಕರ್ಸ್ ವೀಕ್ಲಿ’ ಎಂಬ ವ್ಯಂಗ್ಯಪತ್ರಿಕೆ ಆ ವರ್ಷವೇ ಮುಚ್ಚಿತು. ೧೯೭೭ರ ಮಾರ್ಚಿಯವರೆಗೆ ಚಿತ್ರಕಾರರ ಪಾಡು ಕಟ್ಟಿದ ಕೈಯ ಈಜುಗಾರನ ಪಾಡು.

ಆ ಕಾಲ ಕಳೆಯಿತೆಂದುಕೊಂಡ ಮೇಲೆ ೨೦೧೨ರಲ್ಲಿ ಇನ್ನೊಂದು ವಾದವೆದ್ದಿತು. ಅದು ಉಪಾಧ್ಯಾಯರಿಗೆ ನೇರವಾಗಿ ಸಂಬಂಧಿಸಿದುದು. ಕೇಂದ್ರದ ಎನ್.ಸಿ.ಇ.ಆರ್.ಟಿ. ಸಂಸ್ಥೆಯು ರಾಜ್ಯಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಶಂಕರ್, ಲಕ್ಷ್ಮಣ್ ಮೊದಲಾದವರ ವ್ಯಂಗ್ಯಚಿತ್ರಗಳನ್ನು ಸೇರಿಸಿತ್ತು. ಸಂವಿಧಾನ ರಚನೆಯು ನಿಧಾನವಾಯಿತೆಂದು ೧೯೪೯ರಲ್ಲಿ ಶಂಕರ್ ಅವರು ಬರೆದ ಚಿತ್ರದಲ್ಲಿ, ಬಸವನಹುಳುವಿನ ಮೇಲೆ ಕುಳಿತ ಡಾಕ್ಟರ್ ಅಂಬೇಡ್ಕರರ ಹಿಂದೆ ನೆಹರೂ ಅವರು ಚಾವಟಿಯನ್ನು ಎತ್ತಿ ನಿಂತಿದ್ದಾರೆ. ಇದು ಅವಮಾನಕರವೆಂದು ಪಾರ್ಲಿಮೆಂಟಿನಲ್ಲಿ ಕೋಲಾಹಲವಾಯಿತು. ಮರು ತಿಂಗಳಲ್ಲಿಯೇ ಮದರಾಸು ಪ್ರಾಂತದ ಹಿಂದೀ ವಿರೋಧದ ಚಳವಳಿಯನ್ನು ಕುರಿತು ಲಕ್ಷ್ಮಣರು ಬರೆದಿದ್ದ ಚಿತ್ರಕ್ಕೂ ತಮಿಳುನಾಡಿನಿಂದ ಪ್ರತಿಭಟನೆ ಬಂದಿತು. ಪ್ರೊಫೆಸರ್ ಸುಖದೇವ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಗಿ, ಹಲವು ಚಿತ್ರಗಳನ್ನು ತೆಗೆಯಬೇಕೆಂದು ಹೇಳಿತು. ಸದಸ್ಯರಾದ ಪ್ರೊಫೆಸರ್ ಎಂ. ಎಸ್. ಎಸ್. ಪಾಂಡಿಯನ್ನರು ಮಾತ್ರ ಭಿನ್ನಾಭಿಪ್ರಾಯವನ್ನು ಬರೆದರು.

ಇಲ್ಲಿ ಒಂದು ಪಕ್ಷವನ್ನು ಹಿಡಿದು ಇನ್ನೊಂದನ್ನು ಹಳಿಯುವುದು ಸ್ಥೂಲಬುದ್ಧಿಯ ಕೆಲಸ. ತಲೆತಲಾಂತರದಿಂದ ಚಾವಟಿಯ ಏಟನ್ನು ತಿಂದವರ ಮಕ್ಕಳಿಗೆ ಚಿತ್ರದಲ್ಲಿನ ಚಾವಟಿಯೂ ನಿಜವಾದ ಚಾವಟಿಯಂತೆಯೇ ಕಾಣುವುದು ಸಹಜ. ಆ ನೋವನ್ನು ಅರಿಯದೆ ‘ನಗಲಾರದವರು’ ಎಂದು ಹಂಗಿಸುವವನಿಗೆ ಹಾಸ್ಯದ ಮರ್ಮವೇ ತಿಳಿಯದು. ಆದರೆ ಚಿತ್ರವನ್ನು ಹರಿದು ತೆಗೆದರೆ ಆ ನೋವನ್ನು ಕುರಿತು ತರಗತಿಯಲ್ಲಿ ಮಾತನಾಡುವ ಸಂದರ್ಭವೂ ಹರಿದುಹೋಗುತ್ತದೆ. ಉಪಾಧ್ಯಾಯನಿರುವುದು ಏತಕ್ಕೆ? ಚಿತ್ರವನ್ನು ತೋರಿಸಿ, ಇದರಲ್ಲಿ ಯಾರು ನಗುತ್ತಾರೆ, ಯಾರಿಗೆ ನೋಯುತ್ತದೆ, ಏಕೆ ಎಂದು ಕೇಳುವುದಕ್ಕೆ. ನಾನು ಹಾಸ್ಯರಸದ ಪಾಠವನ್ನು ಮಾಡುವಾಗ ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳನ್ನು ಗೋಡೆಗೆ ಅಂಟಿಸುತ್ತಿದ್ದೆನು. ಒಂದು ದಿನ ತರಗತಿಗೆ ಹೋದಾಗ ಕರಿಹಲಗೆಯ ಮೇಲೆ ಕೊಡೆ ಹಿಡಿದ ನನ್ನ ಚಿತ್ರವೇ ಇತ್ತು. ಮೂಗು ಕೊಡೆಯ ಹಿಡಿಗಿಂತ ಉದ್ದ. ನಲವತ್ತು ಹುಡುಗರು ಉಸಿರು ಬಿಗಿಹಿಡಿದು ಕುಳಿತಿದ್ದರು. “ಕೊಡೆಯನ್ನು ನಾನು ಎಡಗೈಯಲ್ಲಿ ಹಿಡಿಯುತ್ತೇನಪ್ಪಾ, ತಿದ್ದು” ಎಂದೆನು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಬಂದು ನಡುಗುವ ಕೈಯಿಂದ ತಿದ್ದಿದ. ಆಮೇಲೆ ಪಾಠ ಸುಗಮವಾಗಿ ನಡೆಯಿತು.

೨೦೧೫ರ ಜನವರಿ ೭ರಂದು ಪ್ಯಾರಿಸಿನಲ್ಲಿ ‘ಷಾರ್ಲಿ ಎಬ್ದೊ’ ಎಂಬ ವ್ಯಂಗ್ಯಪತ್ರಿಕೆಯ ಮೇಲೆ ಬಂದೂಕುಧಾರಿಗಳು ನುಗ್ಗಿ ಹನ್ನೆರಡು ಜನರನ್ನು ಕೊಂದರು. ಸತ್ತವರಲ್ಲಿ ಹಲವರು ಚಿತ್ರಕಾರರು. ಆ ಪತ್ರಿಕೆಯ ಹಾಸ್ಯ ಲಕ್ಷ್ಮಣರ ಬಗೆಯದಲ್ಲ, ಒರಟಾದುದು. ಒರಟು ನಗೆಗೆ ಉತ್ತರ ಗುಂಡಲ್ಲ. ಆ ಘಟನೆ ನಡೆದ ಹತ್ತೊಂಬತ್ತನೆಯ ದಿನ, ಜನವರಿ ೨೬ರ ಗಣರಾಜ್ಯೋತ್ಸವದಂದು, ಪುಣೆಯ ಆಸ್ಪತ್ರೆಯಲ್ಲಿ ಲಕ್ಷ್ಮಣರು ತಮ್ಮ ೯೩ನೆಯ ವಯಸ್ಸಿನಲ್ಲಿ ಶಾಂತವಾಗಿ ಕಣ್ಮುಚ್ಚಿದರು. ಗಣರಾಜ್ಯದ ಪ್ರಜೆಯನ್ನು ಜೀವಮಾನವೆಲ್ಲ ಬರೆದವರು ಆ ದಿನವನ್ನೇ ಹೋಗಲು ಆರಿಸಿಕೊಂಡಂತಾಯಿತು. ಅದಕ್ಕೆ ಹನ್ನೆರಡು ವರ್ಷ ಮುಂಚೆ, ೨೦೦೩ರಲ್ಲಿ, ತಂದೆಯನ್ನು ಕೆಡವಿದ ಪಾರ್ಶ್ವವಾಯುವೇ ಇವರ ಎಡಭಾಗಕ್ಕೂ ತಗುಲಿತ್ತು. ಬಲಗೈ ಉಳಿಯಿತು, ಅದರಲ್ಲಿ ಕುಂಚವೂ ಉಳಿಯಿತು.

ಬಿರುದುಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ೧೯೭೩ರಲ್ಲಿ ಪದ್ಮಭೂಷಣ, ೧೯೮೪ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, ೨೦೦೪ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟು, ೨೦೦೫ರಲ್ಲಿ ಪದ್ಮವಿಭೂಷಣ. ಇವುಗಳಿಗಿಂತ ಅಪರೂಪವಾದುದು ಸಾಮಾನ್ಯ ಮನುಷ್ಯನಿಗೆ ದೊರೆತ ಗೌರವ. ೧೯೮೮ರಲ್ಲಿ ಅವನ ಚಿತ್ರವುಳ್ಳ ಅಂಚೆಯ ಚೀಟಿ ಹೊರಟಿತು. ಪುಣೆಯಲ್ಲಿಯೂ ಮುಂಬಯಿಯ ವರಳಿ ಕಡಲತೀರದಲ್ಲಿಯೂ ಅವನ ಕಂಚಿನ ಪ್ರತಿಮೆಗಳು ನಿಂತವು. ರಾಜಮಹಾರಾಜರಿಗೂ ನಾಯಕರಿಗೂ ಪ್ರತಿಮೆಯನ್ನು ನಿಲ್ಲಿಸುವ ದೇಶದಲ್ಲಿ ಹೆಸರೇ ಇಲ್ಲದವನಿಗೆ ಪ್ರತಿಮೆ! ನಮ್ಮ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು ಕಡಮೆ ದರದ ವಿಮಾನಸಂಸ್ಥೆಯನ್ನು ಆರಂಭಿಸಿದಾಗ ಇದೇ ಮನುಷ್ಯನನ್ನು ಅದರ ಲಾಂಛನವಾಗಿ ಕರೆದುಕೊಂಡರು. ಬಸ್ಸಿನಲ್ಲಿ ನಿಂತೇ ಪ್ರಯಾಣ ಮಾಡಿದವನಿಗೆ ವಿಮಾನದಲ್ಲಿ ಸ್ಥಳ ಸಿಕ್ಕಿತು.

ಇತ್ತೀಚೆಗೆ ಮುಖಪುಟದ ಈ ಪುಟ್ಟ ಚೌಕಟ್ಟುಗಳು ಪತ್ರಿಕೆಗಳಿಂದ ಒಂದೊಂದಾಗಿ ಮಾಯವಾಗುತ್ತಿವೆ. ಅಮೆರಿಕದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ತನ್ನ ಅಂತರರಾಷ್ಟ್ರೀಯ ಮುದ್ರಣದಲ್ಲಿ ರಾಜಕೀಯ ವ್ಯಂಗ್ಯಚಿತ್ರಗಳನ್ನು ೨೦೧೯ರಲ್ಲಿ ನಿಲ್ಲಿಸಿಯೇಬಿಟ್ಟಿತು. ನಮ್ಮಲ್ಲಿ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯ ಶ್ರೀ ಬಿ. ವಿ. ರಾಮಮೂರ್ತಿಯವರ ‘ಮಿಸ್ಟರ್ ಸಿಟಿಜನ್’ ಕೂಡ ಅವರೊಡನೆಯೇ ಹೋದನು. ಬೆಂಗಳೂರಿನಲ್ಲಿ ಮಹಾತ್ಮಾ ಗಾಂಧಿ ರಸ್ತೆಯ ಬಳಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯು ಚಿತ್ರಶಾಲೆಯೊಂದನ್ನು ಏರ್ಪಡಿಸಿದೆ. ರಾಜಧಾನಿಗೆ ಹೋದವರು ಮಕ್ಕಳೊಡನೆ ಒಂದು ಗಂಟೆಯನ್ನು ಅಲ್ಲಿ ಕಳೆಯಬಹುದು.

ಅಲ್ಲಿಗೆ ಹೋಗಲಾಗದವರಿಗೆ ಮನೆಯಲ್ಲಿಯೇ ಮಾರ್ಗವುಂಟು. ಲಕ್ಷ್ಮಣರು ೧೯೯೮ರಲ್ಲಿ ‘ದಿ ಟನಲ್ ಆಫ್ ಟೈಮ್’ ಎಂಬ ಆತ್ಮಕಥೆಯನ್ನು ಪ್ರಕಟಿಸಿದರು. ಇಂಗ್ಲಿಷು ಬಲ್ಲ ಮನೆಯವರೊಬ್ಬರು ಅದರ ಬಾಲ್ಯದ ಅಧ್ಯಾಯಗಳನ್ನು ರಾತ್ರಿ ಊಟವಾದ ಮೇಲೆ ಕನ್ನಡದಲ್ಲಿ ಹೇಳಿದರೆ ಮಕ್ಕಳು ನಿದ್ದೆಗೆಡುವುದು ಖಂಡಿತ. ಅವರ ಪತ್ನಿ ಶ್ರೀಮತಿ ಕಮಲಾ ಲಕ್ಷ್ಮಣ್ ಅವರು ಮಕ್ಕಳಿಗಾಗಿ ಬರೆದ ಕಥೆಗಳೂ ಇವೆ. ೧೯೮೬ರಲ್ಲಿ ಶ್ರೀ ಶಂಕರನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಮಾಲಿಕೆಯನ್ನು ಈಗಲೂ ನೋಡಬಹುದು. ಅದರ ಆರಂಭದಲ್ಲಿ ಒಂದರ ಹಿಂದೊಂದು ಬರುವ ರೇಖಾಚಿತ್ರಗಳು ಲಕ್ಷ್ಮಣರವು. ಹೆಸರುಗಳು ಓಡುವವರೆಗೆ ಕಾಯದೆ ಮುಂದಕ್ಕೆ ಜಾರಿಸುವ ಅಭ್ಯಾಸವುಳ್ಳ ಮಕ್ಕಳಿಗೆ ಅಲ್ಲಿ ಸ್ವಲ್ಪ ತಡೆಯಿರೆಂದು ಹೇಳಬೇಕು.